ಘಟ್ಟ ಹತ್ತಿ ಬರುವ ಬೋಟುಗಳು

ತುಮಕೂರಿನಿಂದ ಗುಬ್ಬಿ ದಾಟಿ ಹೋಗುವ ಹಳೆಯ 206ನೇ ಹೆದ್ದಾರಿ ತಿಪಟೂರು, ಅರಸೀಕೆರೆ, ಶಿವಮೊಗ್ಗ, ಸಾಗರ ಹಾದು ಹೊನ್ನಾವರದಲ್ಲಿ ಶರಾವತಿಯ ಅಳಿವೆ ಮುಟ್ಟುತ್ತದೆ. ಕುಣಿಗಲ್ ಹಾಯುವ 75ನೇ ಹೆದ್ದಾರಿ ಹಾಸನ, ಸಕಲೇಶಪುರ ಕಳೆದು ಮಂಗಳೂರಿನ ಕಡೆಗೆ ಇಳಿಯುತ್ತದೆ. ಸಮುದ್ರ ಕಾಣದ ಊರುಗಳು ನಮ್ಮವು. ಆದರೂ ಉಪ್ಪುನೀರಿಗೆ ಹೋಗುವ ದಾರಿಗಳು ನಮ್ಮ ಮನೆ ಮುಂದೆಯೇ ಹಾದಿವೆ. ಡಿಸೆಂಬರ್ ರಜೆಯಲ್ಲಿ ನಮ್ಮವರು ಈ ದಾರಿಗಳಲ್ಲೇ ಇಳಿದು ಹೊನ್ನಾವರದ ಕಾಂಡ್ಲಾ ಕಾಡಿನ ನಡುವೆ, ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ, ಕಾರವಾರದ ದೇವಬಾಗದ ಆಸುಪಾಸಿನಲ್ಲಿ ಬೋಟು ಹತ್ತುತ್ತಾರೆ. ಅಲ್ಲಿ ಓಡಿ ಹಳತಾದ ಬೋಟೊಂದು ಲಾರಿಯ ಮೇಲೆ ಘಟ್ಟ ಹತ್ತಿ ನಮ್ಮ ಕೆರೆಗೆ ಇಳಿಯಲು ಯಾವ ಅಡ್ಡಿಯೂ ಇಲ್ಲ. ಈ ಎರಡನೆಯ ಪಯಣದ ಬಗ್ಗೆ ಮುಂಚಿತವಾಗಿಯೇ ಎಚ್ಚರಿಸಬೇಕಾಗಿದೆ.

ಮುಂಚಿತವಾಗಿ ಏಕೆಂದರೆ, ನಮ್ಮಲ್ಲಿ ದೋಣಿ ವಿಹಾರದ ಮಾತು ಏಳುವುದೇ ಕೆರೆ ತುಂಬಿದ ಮೇಲೆ. 2022ರ ಮಳೆಗೆ ಜಿಲ್ಲೆಯ ಕೆರೆಗಳು ಸಾಲುಸಾಲಾಗಿ ಕೋಡಿ ಬಿದ್ದವು, ನೋಡಲು ಜನ ಜಾತ್ರೆಯಂತೆ ಸೇರಿದರು. 2016ರಲ್ಲಿ ಸ್ಮಾರ್ಟ್ ಸಿಟಿ ಪಟ್ಟಿ ಸೇರಿದ ತುಮಕೂರಿಗೆ ಅಮಾನಿಕೆರೆಯ ದಂಡೆ ಒಂದು ವಿಹಾರ ತಾಣವೇ ಆಗಿದೆ. ಜನಪದ ಹಾಡಿನಲ್ಲಿ ಹೆಸರಾದ ಕುಣಿಗಲ್ ದೊಡ್ಡಕೆರೆಯನ್ನೂ ಗುಬ್ಬಿಯ ಕೆರೆಯನ್ನೂ ನೋಡಿದವರಿಗೆ ಇಲ್ಲೊಂದು ಬೋಟು ಇದ್ದಿದ್ದರೆ ಅನ್ನಿಸುವುದು ಸಹಜ. ನಾವು ಅದಕ್ಕೆ ವಿರೋಧಿಗಳಲ್ಲ. ಮಕ್ಕಳು ನೀರಿನ ಮೇಲೆ ತೇಲುವ ಸುಖ ಕಾಣಲಿ. ನಮ್ಮ ಆತಂಕ ಬೇರೆ. ಗುತ್ತಿಗೆ ಕರೆಯುವಾಗ ಬೋಟು ಎಷ್ಟು, ನೆಲಬಾಡಿಗೆ ಎಷ್ಟು, ಟಿಕೆಟ್ ದರ ಎಷ್ಟು ಎಂಬುದೆಲ್ಲ ಚರ್ಚೆಯಾಗುತ್ತದೆ. ಆ ಬೋಟು ಹಿಂದೆ ಯಾವ ನೀರಿನಲ್ಲಿ ಓಡಿತ್ತು, ಅದನ್ನು ಯಾರು ಹೇಗೆ ನೋಡಿಕೊಂಡರು ಎಂಬ ಪ್ರಶ್ನೆಯನ್ನು ಯಾರೂ ಎತ್ತುವುದಿಲ್ಲ.

ಒಂದು ಲೀಟರ್ ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪಿರುತ್ತದೆ. ಹತ್ತು ಲೀಟರಿನ ಬಕೆಟ್ ಒಂದರಲ್ಲಿ 350 ಗ್ರಾಂ. ಬೋಟಿನ ಹಿಂಬದಿಗೆ ಕಟ್ಟುವ ಔಟ್‌ಬೋರ್ಡ್ ಎಂಜಿನ್ ತನ್ನನ್ನು ತಂಪು ಮಾಡಿಕೊಳ್ಳಲು ಇದೇ ನೀರನ್ನು ಎಳೆದು, ಮೈಯೊಳಗಿನ ಸಣ್ಣ ದಾರಿಗಳಲ್ಲಿ ಸುತ್ತಿಸಿ ಹೊರಗೆ ಚೆಲ್ಲುತ್ತದೆ. ಎಂಜಿನ್ ನಿಲ್ಲಿಸಿದಾಗ ಒಳಗೆ ಉಳಿದ ನೀರು ಬಿಸಿಗೆ ಆರಿ ಉಪ್ಪು ಗಟ್ಟಿ ಹರಳಾಗಿ ಕೂರುತ್ತದೆ. ಅದಕ್ಕೇ ಕರಾವಳಿಯಲ್ಲಿ ಕಸಬು ಬಲ್ಲವರು ಸಂಜೆ ಬೋಟು ಕಟ್ಟುವ ಮೊದಲು ಎಂಜಿನ್ನಿಗೆ ಸಿಹಿನೀರಿನ ಪೈಪು ಜೋಡಿಸಿ ಹತ್ತು ನಿಮಿಷ ತೊಳೆಯುತ್ತಾರೆ. ದಿನಕ್ಕೊಮ್ಮೆ ಮಾಡಬೇಕಾದ ಈ ಕೆಲಸವನ್ನು ಸೋಮಾರಿ ಮಾಲೀಕ ವಾರಕ್ಕೊಮ್ಮೆ ಮಾಡಿದರೆ ಅಂದೇ ಏನೂ ಆಗುವುದಿಲ್ಲ. ಥರ್ಮೋಸ್ಟಾಟ್ ನಿಧಾನವಾಗಿ ಕಚ್ಚಿಕೊಳ್ಳುತ್ತದೆ, ನೀರಿನ ದಾರಿ ಕಿರಿದಾಗುತ್ತದೆ, ಎಂಜಿನ್ ಸ್ವಲ್ಪ ಹೆಚ್ಚು ಬಿಸಿಯಾಗಿಯೇ ಓಡುತ್ತದೆ. ಹಾಗೆ ಒಂದೆರಡು ವರ್ಷ ದುಡಿದ ಬೋಟು ಮಾರಾಟಕ್ಕೆ ಬಂದಾಗ ಹೊರಗೆ ಹೊಸ ಬಣ್ಣ ಹೊಳೆಯುತ್ತಿರುತ್ತದೆ.

ಇಂಥದ್ದನ್ನು ಅಗ್ಗಕ್ಕೆ ಸಿಕ್ಕಿತೆಂದು ತಂದು ಸಿಹಿನೀರಿಗೆ ಬಿಟ್ಟರೆ ಉಪ್ಪಿನ ಕಾಟ ಮುಗಿಯಿತೆಂದು ಗುತ್ತಿಗೆದಾರ ಭಾವಿಸುತ್ತಾನೆ. ಮುಗಿದಿರುವುದಿಲ್ಲ. ಬೋಲ್ಟಿನ ತಳದಲ್ಲಿ, ಕಂಬಿ ನೆಟ್ಟ ತೂತಿನಲ್ಲಿ, ವೈರಿನ ಎಳೆಗಳ ಸಂದಿನಲ್ಲಿ ಕುಳಿತ ಉಪ್ಪು ಗಾಳಿಯ ತೇವ ಎಳೆದುಕೊಂಡು ತನ್ನ ಕೆಲಸ ಮುಂದುವರಿಸುತ್ತದೆ. ಸ್ಟೇನ್‌ಲೆಸ್ ಸ್ಟೀಲಿನ ಬೋಲ್ಟು ಕೂಡ ಗಾಳಿಯಾಡದ ಸಂದಿನಲ್ಲಿ ಉಪ್ಪು ಸಿಕ್ಕರೆ ಒಳಗೊಳಗೇ ಕೊರೆದುಕೊಳ್ಳುತ್ತದೆ. ತಲೆ ಮಿರಮಿರ ಮಿನುಗುತ್ತಿರುತ್ತದೆ, ಕುತ್ತಿಗೆ ಸವೆದಿರುತ್ತದೆ. ಮನೆಗೆ ಹಾಕುವ ಸಾಮಾನ್ಯ ತಾಮ್ರದ ವೈರನ್ನು ಬೋಟಿಗೂ ಎಳೆದಿದ್ದರೆ ಹಸಿರು ಕಿಲುಬು ಕವಚದೊಳಗೆ ಗೇಣುಗಟ್ಟಲೆ ಹಬ್ಬಿರುತ್ತದೆ. ಬೋಟಿಗೆ ಬೇಕಾದದ್ದು ತವರ ಲೇಪಿಸಿದ ತಾಮ್ರದ ವೈರು. ತಳಕ್ಕೆ ಸೇರುವ ನೀರನ್ನು ಹೊರಹಾಕುವ ಪಂಪು ನಿಂತಿರುವುದು ಈ ವೈರಿನ ಮೇಲೆಯೇ ಎಂಬುದನ್ನು ನೆನೆದರೆ ವಿಷಯದ ತೂಕ ತಿಳಿದೀತು.

ಇನ್ನೊಂದು ಸಂಗತಿ ಇದೆ. ಬೋಟಿನ ಎಂಜಿನ್ನಿನ ಕೆಳಭಾಗದಲ್ಲಿ, ನೀರಿನಲ್ಲಿ ಮುಳುಗಿರುವ ಕಡೆ, ಒಂದು ಬೂದು ಬಣ್ಣದ ಲೋಹದ ತುಂಡನ್ನು ಬಿಗಿದಿರುತ್ತಾರೆ. ಕರಾವಳಿಯಲ್ಲಿ ಜಿಂಕ್ ಪ್ಲೇಟ್ ಎನ್ನುತ್ತಾರೆ. ಬೇರೆ ಬೇರೆ ಲೋಹಗಳು ಒಂದೇ ನೀರಿನಲ್ಲಿ ಮುಳುಗಿ ಒಂದನ್ನೊಂದು ಮುಟ್ಟಿಕೊಂಡಿದ್ದರೆ ಅಲ್ಲೊಂದು ಬ್ಯಾಟರಿಯೇ ಹುಟ್ಟುತ್ತದೆ. ಸ್ಟೀಲಿನ ಶಾಫ್ಟು, ಹಿತ್ತಾಳೆ ಅಥವಾ ಕಂಚಿನ ಭಾಗಗಳು, ಅಲ್ಯೂಮಿನಿಯಂ ಮೈ ಇವುಗಳಲ್ಲಿ ದುರ್ಬಲವಾದದ್ದು ಕರಗತೊಡಗುತ್ತದೆ. ಆ ಪಾಡು ಎಂಜಿನ್ನಿಗೆ ಬರದಿರಲೆಂದು ಎಲ್ಲಕ್ಕಿಂತ ದುರ್ಬಲವಾದ ಒಂದು ಲೋಹವನ್ನು ಬೇಕೆಂದೇ ಬಲಿ ಕೊಡುತ್ತಾರೆ. ಅದು ಕರಗುತ್ತಿರುವವರೆಗೆ ಉಳಿದದ್ದು ಕ್ಷೇಮ. ಅರ್ಧ ಸವೆದಾಗ ಬದಲಿಸಬೇಕು.

ನಮ್ಮವರು ತಪ್ಪುವ ಸಂಭವ ಇರುವುದು ಇಲ್ಲೇ. ಸಮುದ್ರದ ನೀರಿನಲ್ಲಿ ಸತುವಿನ ತುಂಡು ಚೆನ್ನಾಗಿ ಕೆಲಸ ಮಾಡುತ್ತದೆ. ಅಳಿವೆಯ ಸವಳು ನೀರಿಗೆ ಅದಕ್ಕೆಂದೇ ತಯಾರಾದ ಅಲ್ಯೂಮಿನಿಯಂ ಮಿಶ್ರಲೋಹ ಮೇಲು. ಸಿಹಿನೀರಿಗೆ ಮೆಗ್ನೀಸಿಯಂ ಬೇಕು. ಸತುವನ್ನು ಸಿಹಿನೀರಿಗೆ ತಂದರೆ ಅದರ ಮೇಲೆ ಗಟ್ಟಿ ಪೊರೆ ಕಟ್ಟಿಕೊಂಡು ತುಂಡು ನಿದ್ದೆ ಹೋಗುತ್ತದೆ. ನೋಡಲು ಮಾತ್ರ ಹೊಸದರಂತೆ ಇಡಿಯಾಗಿರುತ್ತದೆ. ತಪಾಸಣೆಗೆ ಬಂದವರು ಜಿಂಕ್ ಪ್ಲೇಟು ಒಂದಿಷ್ಟೂ ಸವೆದಿಲ್ಲ, ಬೋಟು ಉತ್ತಮ ಸ್ಥಿತಿಯಲ್ಲಿದೆ ಎಂದು ಬರೆದು ಹೋದಾರು. ಸವೆಯದಿರುವುದೇ ಕೆಟ್ಟ ಸುದ್ದಿ; ಅದರ ಬದಲು ಎಂಜಿನ್ನು ಸವೆಯುತ್ತಿದೆ. ಹಿಮ್ಮುಖ ತಪ್ಪೂ ಇದೆ. ಇಲ್ಲಿಂದ ಮೆಗ್ನೀಸಿಯಂ ಕಟ್ಟಿದ ಬೋಟನ್ನು ಟ್ರೈಲರಿನಲ್ಲಿ ಮಲ್ಪೆಗೆ ಒಯ್ದರೆ ಅದು ಉಪ್ಪುನೀರಿನಲ್ಲಿ ಬಹಳ ಬೇಗ ಕರಗಿಹೋಗುತ್ತದೆ, ಕಾವಲು ಇಲ್ಲವಾಗುತ್ತದೆ.

ಅಳಿವೆಯನ್ನೂ ಹಗುರವಾಗಿ ಕಾಣಬೇಡಿ. ಸವಳು ನೀರು ಎಂದರೆ ಅರ್ಧ ಉಪ್ಪು, ಅರ್ಧ ಅಪಾಯ ಎಂಬ ಲೆಕ್ಕ ತಪ್ಪು. ಶರಾವತಿ, ಅಘನಾಶಿನಿ, ಕಾಳಿ, ಕುಂದಾಪುರದ ಪಂಚಗಂಗಾವಳಿ ಎಲ್ಲವೂ ಮಳೆಗಾಲದಲ್ಲಿ ಬಹುಮಟ್ಟಿಗೆ ಸಿಹಿ, ಬೇಸಿಗೆಯಲ್ಲಿ ಉಪ್ಪು. ದಿನಕ್ಕೆ ಎರಡು ಸಲ ಭರತ ಏರಿ ಇಳಿಯುವಾಗ ನೀರಿನ ಗುಣವೇ ಬದಲಾಗುತ್ತದೆ. ಹಗುರವಾದ ಹೊಳೆನೀರು ಮೇಲೆ, ಭಾರವಾದ ಉಪ್ಪುನೀರು ಕೆಳಗೆ ನುಸುಳುವುದೂ ಉಂಟು. ಮೇಲಿನದನ್ನು ಬೊಗಸೆಯಲ್ಲಿ ತೆಗೆದು ರುಚಿ ನೋಡಿ ಸಿಹಿಯಾಗಿದೆ ಎಂದವರ ಬೋಟಿನ ಪ್ರೊಪೆಲ್ಲರ್ ಕೆಳಗೆ ಉಪ್ಪಿನಲ್ಲೇ ತಿರುಗುತ್ತಿರುತ್ತದೆ.

ನಮ್ಮ ಕೆರೆಗಳ ನೀರು ಎಂಥದ್ದು? ಹೇಮಾವತಿ ನಾಲೆಯಿಂದ ಬಂದಾಗ ಮೆದು. ಬೇಸಿಗೆಯಲ್ಲಿ ಬತ್ತುತ್ತ ಬಂದಂತೆ ಅದರಲ್ಲಿ ಕರಗಿದ ಲವಣ ದಟ್ಟವಾಗುತ್ತ ಹೋಗುತ್ತದೆ. ಊರಿನ ಚರಂಡಿ ಸೇರಿದರಂತೂ ಲೆಕ್ಕವೇ ಬೇರೆ. ಕೊಳಚೆಯ ಅಮೋನಿಯಾ ಹಿತ್ತಾಳೆಯ ಭಾಗಗಳನ್ನು ಸೀಳಬಲ್ಲದು. ಎಂಜಿನ್ ತೊಳೆಯಲೆಂದು ದಡದಲ್ಲೊಂದು ಕೊಳವೆಬಾವಿ ಕೊರೆಸಿದರೆ ಆ ಗಡಸು ನೀರು ಉಪ್ಪನ್ನು ತೊಳೆದು ತನ್ನ ಸುಣ್ಣವನ್ನು ಬಿಟ್ಟುಹೋಗಬಹುದು. ಗೀಸರಿನ ಕಾಯಿಲ್ ನೋಡಿದ ತುಮಕೂರಿನ ಗೃಹಿಣಿಯರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆರ್‌ಒ ರಿಪೇರಿಯವರ ಜೇಬಿನಲ್ಲಿರುವ ಟಿಡಿಎಸ್ ಮೀಟರ್ ಸಾಕು, ತಿಂಗಳಿಗೊಮ್ಮೆ ಕೆರೆಯ ನೀರು ಅಳೆದು ಪುಸ್ತಕದಲ್ಲಿ ಬರೆಯಲು. ಹೆಲಿಕಾಪ್ಟರ್ ಕಟ್ಟುವ ಎಚ್‌ಎಎಲ್ ಕಾರ್ಖಾನೆ 2023ರಿಂದ ಗುಬ್ಬಿ ತಾಲ್ಲೂಕಿನಲ್ಲೇ ಇದೆ. ಅಲ್ಯೂಮಿನಿಯಂ ಹೇಗೆ ಸವೆಯುತ್ತದೆ ಎಂದು ಬಲ್ಲ ಎಂಜಿನಿಯರುಗಳು ಈ ತಾಲ್ಲೂಕಿನಲ್ಲಿ ಇದ್ದಾರೆ, ಕೇಳುವವರು ಬೇಕು ಅಷ್ಟೆ.

ತೂಕದ ವಿಷಯ ಇನ್ನೂ ಸೂಕ್ಷ್ಮ. ಉಪ್ಪುನೀರು ಸಿಹಿನೀರಿಗಿಂತ ಸುಮಾರು ನೂರಕ್ಕೆ ಎರಡೂವರೆಯಷ್ಟು ಭಾರ, ಹಾಗಾಗಿ ಬೋಟನ್ನು ಹೆಚ್ಚು ಎತ್ತಿ ಹಿಡಿಯುತ್ತದೆ. ಜನರೂ ಸೇರಿ ಎರಡು ಟನ್ ತೂಗುವ ಬೋಟು ಸಮುದ್ರದಲ್ಲಿ ಎಷ್ಟು ಮುಳುಗಿರುತ್ತಿತ್ತೋ ಕೆರೆಯಲ್ಲೂ ಅಷ್ಟೇ ಮುಳುಗಬೇಕಾದರೆ ಸುಮಾರು 50 ಕಿಲೋ ಇಳಿಸಬೇಕು. ಹೆಚ್ಚುಕಡಿಮೆ ಒಬ್ಬರನ್ನು ದಡದಲ್ಲೇ ಬಿಟ್ಟಂತೆ. ಪಕ್ಕದಲ್ಲಿ ಬರೆದಿರುವ ಆಸನ ಸಂಖ್ಯೆ ಕರಾವಳಿಯದಾದರೆ ಅದನ್ನೇ ಇಲ್ಲಿ ಒಪ್ಪಿಕೊಳ್ಳಬಾರದು. ಹಳೆಯ ಫೈಬರ್ ಬೋಟಿನ ಮೈಯಲ್ಲಿ ಬಿರುಕಿದ್ದರೆ ಒಳಗಿನ ಫೋಮು ನೀರು ಕುಡಿದು ಕುಳಿತಿರುತ್ತದೆ, ಖಾಲಿ ಬೋಟಿನ ತೂಕವೇ ಹೆಚ್ಚಿರುತ್ತದೆ. ಫೈಬರ್ ಮೈ ಮೇಲೆ ಬೊಕ್ಕೆ ಏಳುವ ರೋಗ ಉಪ್ಪುನೀರಿಗಿಂತ ಸಿಹಿನೀರಿನಲ್ಲೇ ಜಾಸ್ತಿ ಎಂಬುದು ಅನೇಕರಿಗೆ ಆಶ್ಚರ್ಯ ತರಬಹುದು. ಮೈಯೊಳಗೆ ಸೇರಿ ರಾಸಾಯನಿಕಗಳನ್ನು ಕರಗಿಸಿಕೊಂಡ ನೀರು ಹೊರಗಿನ ತಿಳಿನೀರನ್ನು ಇನ್ನಷ್ಟು ಜೋರಾಗಿ ಎಳೆದುಕೊಳ್ಳುತ್ತದೆ. ಹಂಸದ ಆಕಾರದ ಪೆಡಲ್ ಬೋಟಿಗೆ ಎಂಜಿನ್ನಿಲ್ಲ ಎಂದು ನೆಮ್ಮದಿಯಾಗಬೇಡಿ. ಅದರ ಟೊಳ್ಳು ಹೊಟ್ಟೆಗೆ ಒಂದು ಬಿರಡೆ ಇರುತ್ತದೆ. ಅದನ್ನು ತೆಗೆದು ಎಷ್ಟು ನೀರು ಸುರಿಯುತ್ತದೆ ಎಂದು ಪ್ರತಿದಿನ ನೋಡಬೇಕು.

ಪೆಟ್ರೋಲಿನದೂ ಒಂದು ಮಾತು. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ನೂರಕ್ಕೆ ಇಪ್ಪತ್ತು ಪಾಲು ಎಥನಾಲ್. ಎಥನಾಲಿಗೆ ನೀರಿನ ದಾಹ. ದಿನವೂ ಓಡುವ ಸ್ಕೂಟರಿಗೆ ಇದು ಅಷ್ಟು ತಟ್ಟುವುದಿಲ್ಲ. ಕೆರೆಯ ದಡದ ತೇವದಲ್ಲಿ, ಅರ್ಧ ಖಾಲಿ ಟ್ಯಾಂಕಿನೊಂದಿಗೆ ಬೇಸಿಗೆಯೆಲ್ಲ ನಿಂತ ಬೋಟಿಗೆ ತಟ್ಟುತ್ತದೆ. ನೀರು ಸೇರಿದ ಎಥನಾಲ್ ಪೆಟ್ರೋಲಿನಿಂದ ಬೇರ್ಪಟ್ಟು ಟ್ಯಾಂಕಿನ ತಳದಲ್ಲಿ ನಿಲ್ಲುತ್ತದೆ, ಎಂಜಿನ್ ಮೊದಲು ಕುಡಿಯುವುದು ಅದನ್ನೇ. ಶುರುವಾಗುತ್ತದೆ, ಕೆರೆಯ ನಡುವೆ ಹೋಗಿ ನಿಲ್ಲುತ್ತದೆ.

ನಿಂತರೆ ಏನಾಯಿತು, ಹುಟ್ಟು ಹಾಕಿಕೊಂಡು ಬಂದರಾಯಿತು ಎನ್ನುವವರಿದ್ದಾರೆ. ತುಂಬಿದ ಕೆರೆ ಎಂದರೆ ಕೋಡಿ ಹರಿಯುವ ಕೆರೆ. ಎಂಜಿನ್ ಸತ್ತ ಬೋಟು ಗಾಳಿ ಮತ್ತು ಹರಿವು ಎಳೆದತ್ತ ಹೋಗುತ್ತದೆ, ಹರಿವು ಎಳೆಯುವುದು ಕೋಡಿಯ ಕಡೆಗೆ. 2024ರ ಅಕ್ಟೋಬರಿನಲ್ಲಿ ತುಮಕೂರಿನ ಪಕ್ಕದ ಮೈದಾಳ ಕೆರೆಯ ಕೋಡಿಯಲ್ಲಿ ಸೆಲ್ಫಿ ತೆಗೆಯಲು ಹೋಗಿ ಜಾರಿದ ಯುವತಿಯೊಬ್ಬರು ಬಂಡೆಗಳ ಸಂದಿನಲ್ಲಿ ರಾತ್ರಿಯೆಲ್ಲ ಸಿಕ್ಕಿಕೊಂಡು ಮರುದಿನ ಪವಾಡದಂತೆ ಬದುಕಿ ಬಂದರು. ಮರುವರ್ಷದ ಅಕ್ಟೋಬರಿನಲ್ಲಿ ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿ ಜಲಾಶಯದ ಬಳಿ ವಿಹಾರಕ್ಕೆ ಹೋಗಿದ್ದ ತುಮಕೂರಿನ ಕುಟುಂಬದ ಹಲವರು ಏಕಾಏಕಿ ಬಂದ ನೀರಿಗೆ ಕೊಚ್ಚಿಹೋದರು, ಅವರಲ್ಲಿ ಹೆಚ್ಚಿನವರಿಗೆ ಆ ಅದೃಷ್ಟವಿರಲಿಲ್ಲ. ಶಿಂಷಾ ನದಿಯ ಈ ಅಣೆಕಟ್ಟೆಯ ಹೆಮ್ಮೆಯೇ ಅದರ ಸ್ವಯಂಚಾಲಿತ ಸೈಫನ್. ನೀರು ಒಂದು ಮಟ್ಟ ಮುಟ್ಟಿದರೆ ಯಾರೂ ಗೇಟು ಎತ್ತಬೇಕಿಲ್ಲ, ತಾನಾಗಿ ಧುಮ್ಮಿಕ್ಕುತ್ತದೆ. ಗೇಟು ಎತ್ತುವವನಿಲ್ಲದ ಮೇಲೆ ಸೈರನ್ ಒತ್ತುವವನನ್ನಾದರೂ ಇಡಬೇಕು. ಅಂಥ ನೀರಿನಲ್ಲಿ ಬೋಟಿಗೆ ಅನುಮತಿ ಕೊಡುವ ಯೋಚನೆ ಯಾರಿಗಾದರೂ ಇದ್ದರೆ ಈಗಲೇ ಕೈಬಿಡುವುದು ಒಳ್ಳೆಯದು.

ಹೊರಗಿನ ದುರಂತಗಳನ್ನು ನೆನೆಯುವಾಗ ಪ್ರಾಮಾಣಿಕವಾಗಿರೋಣ. 2019ರ ಜನವರಿ 21ರಂದು ಕಾರವಾರದ ಕೂರ್ಮಗಡ ಜಾತ್ರೆಯಿಂದ ಮರಳುತ್ತಿದ್ದ ಬೋಟು ಮಗುಚಿ 16 ಜನ ತೀರಿಕೊಂಡರು. ಅವರಲ್ಲಿ ಹಲವರು ನಮ್ಮಂತೆಯೇ ಬಯಲುಸೀಮೆಯವರು, ಸಮುದ್ರದ ಪರಿಚಯವಿಲ್ಲದವರು. 2023ರ ಮೇ 7ರಂದು ಕೇರಳದ ತಾನೂರಿನ ಅಳಿವೆಯಲ್ಲಿ, ಮೀನುಗಾರಿಕೆ ದೋಣಿಯನ್ನೇ ಮಾರ್ಪಡಿಸಿ ಪ್ರವಾಸಿಗರನ್ನು ತುಂಬಿದ್ದ ಬೋಟು ಕತ್ತಲಾದ ಮೇಲೂ ಓಡಿ 22 ಜನರನ್ನು ಬಲಿ ಪಡೆಯಿತು. 2024ರ ಜನವರಿ 18ರಂದು ವಡೋದರದ ಹರಣಿ ಕೆರೆಯಲ್ಲಿ 12 ಶಾಲಾ ಮಕ್ಕಳೂ ಇಬ್ಬರು ಶಿಕ್ಷಕಿಯರೂ ಮುಳುಗಿದರು. ಅದು ಸಮುದ್ರವಲ್ಲ, ಅಮಾನಿಕೆರೆಯಂತೆ ನಗರದೊಳಗಿನ ಕೆರೆ, ಪಾಲಿಕೆಯ ಆಸ್ತಿ, ಖಾಸಗಿ ಗುತ್ತಿಗೆ. ಮೂರರಲ್ಲೂ ಕೊಂದದ್ದು ತುಕ್ಕಲ್ಲ. ಮಿತಿ ಮೀರಿದ ಜನ ಮತ್ತು ಎಲ್ಲರ ಮೈಮೇಲಿಲ್ಲದ ಜೀವರಕ್ಷಕ ಜಾಕೆಟ್. ಹಾಗಿದ್ದರೆ ಬೋಲ್ಟು, ಸತು ಎಂದು ಇಷ್ಟುದ್ದ ಏಕೆ ಬರೆದಿರಿ ಎಂದು ಕೇಳಬಹುದು. ಹೆಚ್ಚುವರಿ ಜನರನ್ನು ಹತ್ತಿಸಿಕೊಳ್ಳುವ ಕೈ ಮತ್ತು ಸಂಜೆ ಎಂಜಿನ್ ತೊಳೆಯದ ಕೈ ಸಾಮಾನ್ಯವಾಗಿ ಒಂದೇ ಆಗಿರುತ್ತದೆ. ಮೊದಲನೆಯದನ್ನು ಭಾನುವಾರದ ಗದ್ದಲದಲ್ಲಿ ಹಿಡಿಯುವುದು ಕಷ್ಟ. ಎರಡನೆಯದನ್ನು ಯಾವ ಮಂಗಳವಾರ ಬೇಕಾದರೂ ಹಿಡಿಯಬಹುದು, ಆರು ತಿಂಗಳು ಮೊದಲೇ.

ಕರಾವಳಿಯ ಮೀನುಗಾರರಿಂದ ಕಲಿಯುವುದಿದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ 61 ದಿನದ ನಿಷೇಧ. ಮಲ್ಪೆ, ಗಂಗೊಳ್ಳಿ, ಮಂಗಳೂರಿನ ದಕ್ಕೆಗಳಲ್ಲಿ ಆಗ ಬೋಟುಗಳು ದಡ ಹತ್ತುತ್ತವೆ, ತಳ ಕೆರೆಯುತ್ತಾರೆ, ಬಣ್ಣ ಬಳಿಯುತ್ತಾರೆ, ಎಂಜಿನ್ ಬಿಚ್ಚುತ್ತಾರೆ. ದುಡಿಮೆಯಿಲ್ಲದ ಆ ಎರಡು ತಿಂಗಳು ಬೋಟಿಗೆ ಮುಂದಿನ ವರ್ಷದ ಆಯುಷ್ಯ ಕೊಡುತ್ತವೆ. ನಮ್ಮ ಕೆರೆಗಳಿಗೆ ಇಂಥ ಬಿಡುವಿನ ನಿಯಮವಿಲ್ಲ. ನೀರಿದ್ದಷ್ಟು ದಿನ ಓಡಿಸು, ಬತ್ತಿದರೆ ಅಲ್ಲೇ ಬಿಸಿಲಿಗೆ ಬಿಡು ಎಂಬುದೇ ರೂಢಿಯಾದೀತು.

2021ರ ಒಳನಾಡು ಹಡಗುಗಳ ಕಾಯ್ದೆ 1917ರ ಹಳೆಯ ಕಾಯ್ದೆಯ ಜಾಗಕ್ಕೆ ಬಂದಿದೆ. ಎಂಜಿನ್ನಿರುವ ದೋಣಿಗೆ ನೋಂದಣಿ, ತಪಾಸಣೆ ಪತ್ರ, ವಿಮೆ ಬೇಕು ಎನ್ನುತ್ತದೆ. ಯಂತ್ರವಿಲ್ಲದವನ್ನು ಬಹುಮಟ್ಟಿಗೆ ರಾಜ್ಯಕ್ಕೂ ಸ್ಥಳೀಯ ಸಂಸ್ಥೆಗಳಿಗೂ ಬಿಟ್ಟಿದೆ. ರಾಜ್ಯದ ಬಂದರು ಮತ್ತು ಒಳನಾಡು ಜಲಸಾರಿಗೆ ಇಲಾಖೆಯ ಕೇಂದ್ರ ಇರುವುದು ಕಾರವಾರದಲ್ಲಿ. ಅಲ್ಲಿಂದ ಯಾರೋ ಬಂದು ಗುಬ್ಬಿ ಕೆರೆಯ ಬೋಟಿನ ಬೋಲ್ಟು ತಿರುಗಿಸಿ ನೋಡಿಯಾರು ಎಂದು ಪುರಸಭೆ, ಪಟ್ಟಣ ಪಂಚಾಯಿತಿಗಳು ಕಾದು ಕೂರುವಂತಿಲ್ಲ. ತುಮಕೂರು ಮಹಾನಗರ ಪಾಲಿಕೆಗಾಗಲಿ ಕುಣಿಗಲ್, ಗುಬ್ಬಿಯ ಸಂಸ್ಥೆಗಳಿಗಾಗಲಿ ಗುತ್ತಿಗೆಯ ಷರತ್ತು ಬರೆಯುವ ಅಧಿಕಾರ ಕೈಯಲ್ಲೇ ಇದೆ. ಬೋಟು ಹಿಂದೆ ಓಡಿದ ಜಾಗ ಮತ್ತು ವರ್ಷಗಳ ದಾಖಲೆ ಕೇಳಲಿ. ಕರಾವಳಿಯಿಂದ ಬಂದದ್ದಾದರೆ ಎಂಜಿನ್ ಬಿಚ್ಚಿ ತೋರಿಸಲಿ, ಸತು ಕಿತ್ತು ಮೆಗ್ನೀಸಿಯಂ ಹಾಕಿಸಲಿ, ವೈರಿಂಗ್ ಹೊಸದಾಗಿ ಎಳೆಸಲಿ. ಕೆರೆಯ ನೀರಿನಲ್ಲೇ ಮರಳು ಮೂಟೆ ತುಂಬಿಸಿ ಎಷ್ಟು ಭಾರಕ್ಕೆ ಎಷ್ಟು ಮುಳುಗುತ್ತದೆ ಎಂದು ನೋಡಿ ಆಸನ ಸಂಖ್ಯೆಯನ್ನು ಹೊಸದಾಗಿ ಬರೆಸಲಿ. ಕೆರೆಯಲ್ಲಿ ತೆಪ್ಪ ಹಾಕಿ ಮೀನು ಹಿಡಿಯುವವರನ್ನು ಈ ಷರತ್ತು ಬರೆಯುವ ಸಭೆಗೆ ಕರೆಯಲೇಬೇಕು. ಗಾಳಿ ಯಾವ ತಿಂಗಳು ಯಾವ ಕಡೆಯಿಂದ, ತೂಬಿನ ಸೆಳೆತ ಎಲ್ಲಿಂದ ಶುರು ಎಂಬುದು ಅವರಿಗೆ ಗೊತ್ತಿರುವಷ್ಟು ಯಾವ ನಕ್ಷೆಗೂ ಗೊತ್ತಿಲ್ಲ.

ರಜೆಗೆ ಘಟ್ಟ ಇಳಿಯುವ ನಮ್ಮ ಓದುಗರು ಕೂಡ ಬೋಟು ಹತ್ತುವ ಮೊದಲು ಒಂದು ನಿಮಿಷ ನಿಂತು ನೋಡಬಹುದು. ಎಂಜಿನ್ ಓಡುತ್ತಿರುವಾಗ ಅದರ ಪಕ್ಕದಿಂದ ನೀರಿನ ಸಣ್ಣ ಧಾರೆ ಬಿಡದೆ ಹಾರುತ್ತಿರಬೇಕು. ತಡೆದು ತಡೆದು ಬಂದರೆ ಒಳಗೆ ಉಪ್ಪೋ ಕಸವೋ ಕಟ್ಟಿದೆ ಎಂದೇ ಅರ್ಥ. ಜಾಕೆಟ್ಟಿನ ಪಟ್ಟಿ ಎಳೆದು ನೋಡಿ, ಬಿಸಿಲಿಗೂ ಉಪ್ಪಿಗೂ ಜೀರ್ಣವಾದ ಹೊಲಿಗೆ ಕೈಗೇ ಬರುತ್ತದೆ. ಜಾಕೆಟ್ಟನ್ನು ಸೀಟಿನ ಕೆಳಗೆ ತೋರಿಸಿದರೆ ಸಾಲದು, ಮಗುವಿನ ಅಳತೆಯದ್ದನ್ನು ಮಗುವಿಗೇ ತೊಡಿಸಬೇಕು. ಕಾಸು ಕೊಟ್ಟವರು ಕೇಳುವುದಕ್ಕೆ ನಾಚಿಕೆಪಡಬೇಕಿಲ್ಲ.

ಕೆರೆಯಿಂದ ಕೆರೆಗೆ ಬೋಟು ಸಾಗಿಸುವ ಹವ್ಯಾಸಿಗಳಿಗೂ ಒಂದು ಕಿವಿಮಾತು. ಅಮೆರಿಕದ ಮಹಾಸರೋವರಗಳಿಗೆ ಹಡಗುಗಳೊಂದಿಗೆ ಬಂದು 1988ರಲ್ಲಿ ಕಣ್ಣಿಗೆ ಬಿದ್ದ ಜೀಬ್ರಾ ಮಸಲ್ ಎಂಬ ಚಿಪ್ಪುಜೀವಿ ಮುಂದೆ ವಿಹಾರ ಬೋಟುಗಳ ಮೈಗೆ ಅಂಟಿಕೊಂಡು ಊರೂರಿಗೆ ಹಬ್ಬಿತು. ನಮ್ಮಲ್ಲಿ ಹಾಗೆ ಹಬ್ಬಲು ಅಂತರಗಂಗೆ ಕಳೆಯ ಒಂದು ಎಳೆ ಸಾಕು. ಕಯಾಕ್ ಆದರೂ ಸರಿ, ತೊಳೆದು, ಒಳಗಿನ ನೀರು ಚೆಲ್ಲಿ, ಒಣಗಿಸಿಯೇ ಮತ್ತೊಂದು ಕೆರೆಗೆ ಇಳಿಸಿ.

ಈ ಕೆಲಸಗಳಿಗೆಲ್ಲ ಕಾಲವೊಂದಿದೆ. ಮೇ ತಿಂಗಳಲ್ಲಿ ಕೆರೆಯ ನೀರು ಇಳಿದಿರುವಾಗ ಬೋಟನ್ನು ದಡಕ್ಕೆ ಎಳೆದು, ಮಗುಚಿ, ತಳ ತಟ್ಟಿ ನೋಡಬಹುದು. ನಾಲೆಯಲ್ಲಿ ಹೇಮಾವತಿ ಬಂದು, ಜನ ಟಿಕೆಟ್ಟಿಗೆ ಸಾಲು ನಿಂತ ಮೇಲೆ ಯಾವ ಗುತ್ತಿಗೆದಾರನೂ ಬೋಟು ಮೇಲೆತ್ತಲು ಒಪ್ಪುವುದಿಲ್ಲ.